ಎರಿಭೂತದ ಮರಿ

ಆಳಂದದ ಅಬ್ದುಲ್ ಗನಿಯ ಕೈಗೆ ಸಿಕ್ಕ ಮುಖದಲ್ಲಿ ಕಲೆ ಉಳಿದದ್ದನ್ನು ಕಂಡವರಿಲ್ಲ. ಸಿಡುಬಿನ ಗುಳಿ, ಹಣೆಯ ಗಾಯದ ಗುರುತು, ಲಗ್ನಕ್ಕೆ ನಿಂತ ಹುಡುಗಿಯ ಕೆನ್ನೆಯ ನರೂಲಿ, ಎಲ್ಲವೂ ಅವನ ಮೇಜಿನ ಮೇಲೆ ಮಾಯವಾಗುತ್ತಿದ್ದವು. ‘ಗನಿ ಸ್ಟುಡಿಯೋದ ಫೋಟೋ ನೋಡಿ ಹೆಣ್ಣು ಒಪ್ಪಬ್ಯಾಡ್ರಿ, ಮನಿಗೆ ಹೋಗಿ ನೋಡ್ರಿ’ ಎಂದು ಪೇಟೆಯಲ್ಲಿ ಒಂದು ಮಾತೇ ಹುಟ್ಟಿಕೊಂಡಿತ್ತು. ಬೇರೆಯವನಾಗಿದ್ದರೆ ಮುನಿಸಿಕೊಳ್ಳುತ್ತಿದ್ದ. ಗನಿ ಅದನ್ನು ಅಂಗಡಿಯ ಬೋರ್ಡಿನ ಮೇಲೆ ಬರೆಸಲಿಲ್ಲ ಎಂಬುದೇ ದೊಡ್ಡದು.

ಅವನ ಮೇಜು ಕಿಟಕಿಯ ಬದಿಗಿತ್ತು. ಓರೆಯಾದ ಹಲಗೆ, ಅದರ ನಡುವೆ ಒಂದು ಮಂಜುಗಾಜು, ಗಾಜಿನ ಕೆಳಗೆ ಬೆಳಕು ಹಿಡಿದು ಮೇಲಕ್ಕೆ ಎಸೆಯುವ ಕನ್ನಡಿ. ಆ ಗಾಜಿನ ಮೇಲೆ ನೆಗೆಟಿವ್ ಇಟ್ಟುಕೊಂಡು, ಒಂದು ಕಣ್ಣಿಗೆ ಭೂತಗನ್ನಡಿ ಒತ್ತಿ, ಅವನು ಬೆಳಗಿನಿಂದ ಇಳಿಹೊತ್ತಿನ ಅಸರ್ ನಮಾಜಿನ ತನಕ ಕೂರುತ್ತಿದ್ದ. ಆಗಿನ್ನೂ ಸ್ಟುಡಿಯೋಗಳಲ್ಲಿ ದೊಡ್ಡ ಫಿಲ್ಮಿನ ಕಾಲ. ಒಂದು ರೋಲಿಗೆ ಹನ್ನೆರಡು ಪಟ, ಒಂದೊಂದೂ ಅಂಗೈಯ ಗುಳಿಯಷ್ಟು ಚೌಕ. ಹೊಸದಾಗಿ ಬಂದ ಸಣ್ಣ ಫಿಲ್ಮಿನ ಮೇಲೆ ಕೈಯಾಡಿಸುವುದೆಂದರೆ ಸಾಸಿವೆಯ ಮೇಲೆ ಹೆಸರು ಬರೆದಂತೆ. ಈ ಚೌಕದ ಮೇಲಾದರೆ ಮೂಗನ್ನೇ ತಿದ್ದಬಹುದು. ನೆಗೆಟಿವಿನಲ್ಲಿ ಎಲ್ಲವೂ ತಿರುಗುಮುರುಗು: ಕರಿದು ಬೆಳ್ಳಗಿರುತ್ತದೆ, ಬಿಳಿದು ಕರ್ರಗಿರುತ್ತದೆ. ಮುಖದ ಕರಿಕಲೆಯನ್ನು ಮುಚ್ಚಬೇಕೆಂದರೆ ಮೊನೆ ಮಾಡಿದ ಪೆನ್ಸಿಲ್ ಸಾಕು. ಬಿಳಿಕಲೆ ತೆಗೆಯಬೇಕೆಂದರೆ ಮುರಿದ ಬ್ಲೇಡಿನಿಂದ ಕೆರೆಯಬೇಕು. ಪೆನ್ಸಿಲಿನ ತಪ್ಪನ್ನು ಎರಡು ಹನಿ ಟರ್ಪೆಂಟೈನ್ ಒರೆಸಿಬಿಡುತ್ತದೆ. ಬ್ಲೇಡಿನ ತಪ್ಪು ಮಾತ್ರ ಆಯಿತೆಂದರೆ ಆಯಿತು.

ಇದಕ್ಕಿಂತ ದೊಡ್ಡ ಹೆಸರು ಅವನಿಗೆ ಬಂದದ್ದು ಕಣ್ಣಿನಿಂದ. ಮನೆಯಲ್ಲಿ ಯಾರಾದರೂ ಫೋಟೋ ಇಲ್ಲದೆ ತೀರಿಕೊಂಡರೆ ಜನ ಗನಿಯನ್ನು ಕರೆಯುತ್ತಿದ್ದರು. ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರೆ ಅವನು ಹೋಗಿ ಫೋಟೋ ಹಿಡಿದು ತರುತ್ತಿದ್ದ. ಆಮೇಲೆ ಮೇಜಿಗೆ ಕೂತು ಮುಚ್ಚಿದ ಕಣ್ಣು ತೆರೆಸುತ್ತಿದ್ದ. ರೆಪ್ಪೆ ಬಿಡಿಸಿ, ಪಾಪೆ ಬರೆದು, ಕಡೆಗೆ ಅದರೊಳಗೆ ಎರಡು ಬಿಳಿ ಚುಕ್ಕೆ ಇಡುತ್ತಿದ್ದ. ಸ್ಟುಡಿಯೋದಲ್ಲಿ ಎಡಕ್ಕೊಂದು ಬಲಕ್ಕೊಂದು ದೀಪ ಇದ್ದದ್ದರಿಂದ ಅವನು ತೆಗೆದ ಎಲ್ಲ ಕಣ್ಣುಗಳಲ್ಲೂ ಎರಡು ಚುಕ್ಕೆ ಬೀಳುತ್ತಿದ್ದವು. ಸತ್ತವರಿಗೂ ಅವನು ಅಷ್ಟನ್ನೇ ಕೊಡುತ್ತಿದ್ದ. ಆ ಚುಕ್ಕೆ ಬಿದ್ದ ಕೂಡಲೇ ಪಟದೊಳಗಿನ ಮುದುಕ ನೋಡತೊಡಗುತ್ತಿದ್ದ, ಫೋಟೋ ಒಯ್ಯಲು ಬಂದ ಮಗ ಅಂಗಡಿಯಲ್ಲೇ ಅಳತೊಡಗುತ್ತಿದ್ದ. ಗನಿಗೆ ತನ್ನ ಕೈಯ ಮೇಲೆ ಭರವಸೆ ಬೆಳೆದದ್ದು ಹೀಗೆ. ಭರವಸೆ ಒಳ್ಳೆಯದೇ. ಅದಕ್ಕೆ ಮೂಗುದಾರ ಹಾಕುವವರು ಇರಬೇಕು ಅಷ್ಟೆ.

ಮಾದನಹಿಪ್ಪರಗಾದ ಹೈಸ್ಕೂಲಿನಲ್ಲಿ ಡ್ರಿಲ್ ಕಲಿಸುತ್ತಿದ್ದ ದೊಡ್ಡಪ್ಪ ಮಾಸ್ತರರು ಹನ್ನೊಂದು ವರ್ಷದಿಂದ ಅವನ ಗಿರಾಕಿ. ಹೆಸರಿಗೆ ದೊಡ್ಡಪ್ಪ, ಆಳು ಸೀಟಿ ಊದಿದರೆ ತಾವೇ ಹಾರಿಹೋಗುವಷ್ಟು ಸಣ್ಣ. ಹೆಂಡತಿ ಮಕ್ಕಳ ಗೊಡವೆಗೆ ಹೋಗದ ಆ ಮನುಷ್ಯನ ಕೊರಳಲ್ಲಿ ಲಿಂಗದ ಕರಡಿಗೆಯ ಜೊತೆಗೆ ಯಾವಾಗಲೂ ಒಂದು ಯಾಶಿಕಾ ಕ್ಯಾಮೆರಾ ತೂಗುತ್ತಿತ್ತು. ಒಂದರ ಮೇಲೊಂದು ಎರಡು ಕಣ್ಣಿರುವ ಪೆಟ್ಟಿಗೆಯಂಥ ಕ್ಯಾಮೆರಾ. ಎದೆಗೆ ಒತ್ತಿಕೊಂಡು, ತಲೆ ಬಗ್ಗಿಸಿ, ಮೇಲಿನ ಗಾಜಿನಲ್ಲಿ ನೋಡಬೇಕು. ಅದರಲ್ಲಿ ಬಲಕ್ಕೆ ಓಡುವ ಚಿಗರಿ ಎಡಕ್ಕೆ ಓಡುತ್ತದೆ. ಮಾಸ್ತರರು ಮನುಷ್ಯರ ಫೋಟೋ ತೆಗೆಯುತ್ತಿರಲಿಲ್ಲ. ಜೋಳದ ಹೊಲದ ಚಿಗರಿ ಹಿಂಡು, ಅಮರ್ಜಾ ಹಳ್ಳದ ಕೊಕ್ಕರೆ, ತೊಗರಿಯ ಮೇಲೆ ಕವಿದ ಮೋಡ, ಇಂಥವೇ. ರೋಲು ಮುಗಿದಾಗಲೆಲ್ಲ ಬಸ್ಸು ಹತ್ತಿ ಆಳಂದಕ್ಕೆ ಬಂದು ಗನಿಯ ಕೈಗೆ ಕೊಡುತ್ತಿದ್ದರು.

ಮೊದಲ ಸಲ ಗನಿ ಒಂದು ಚಿಗರಿಯ ಹಿಂದಿದ್ದ ಕರೆಂಟಿನ ಕಂಬವನ್ನು ತೆಗೆದುಹಾಕಿದ್ದ. ಮಾಸ್ತರರು ಪ್ರಿಂಟನ್ನು ತಿರುಗಿಸಿ ಮುರುಗಿಸಿ ನೋಡಿ, ‘ಕಂಬ ಎಲ್ಲಿ ಹೋತ್ರಿ ಗನಿಸಾಬ್ರ?’ ಎಂದು ಕೇಳಿದ್ದರು.

‘ಚಿಗರಿಗೆ ಕರೆಂಟ್ ಏನ್ ಮಾಡೂದದ ಬಿಡ್ರಿ, ಮಾಸ್ತರ್ರ,’ ಎಂದಿದ್ದ ಗನಿ.

ಮಾಸ್ತರರು ನಕ್ಕರು. ಆ ಫೋಟೋ ಶಾಲೆಯ ಆಫೀಸಿನಲ್ಲಿ ಗೋಡೆ ಏರಿತು, ನೋಡಿದವರೆಲ್ಲ ಹೊಗಳಿದರು. ಮುಂದೆ ತಂತಿ, ಮುಳ್ಳುಕಂಟಿ, ಹಳ್ಳದಲ್ಲಿ ತೇಲುವ ಚಪ್ಪಲಿ, ಹೀಗೆ ಗನಿಗೆ ಬೇಡವೆನಿಸಿದ್ದೆಲ್ಲ ಹೋಗುತ್ತ ಬಂತು. ‘ಸಾಫ್ ಮಾಡಿ ಕೊಡ್ರಿ’ ಎನ್ನುವುದು ಮಾಸ್ತರರ ಬಾಯಿಪಾಠವಾಯಿತು. ಅವರು ತೆಗೆದದ್ದರಲ್ಲಿ ಅರ್ಧ ತನ್ನದು ಎಂದು ಗನಿ ಒಳಗೊಳಗೇ ಅಂದುಕೊಂಡಿದ್ದ. ಹಾಗೆ ನೋಡಿದರೆ ಆ ಬಯಲು, ಆ ಹಳ್ಳ ಒಂದನ್ನೂ ಅವನು ಕಣ್ಣಾರೆ ಕಂಡವನಲ್ಲ. ಬೆಳಕು ಇದ್ದಾಗ ಮೇಜು ಬಿಟ್ಟು ಏಳುತ್ತಿರಲಿಲ್ಲ.

ಎಂಬತ್ತೈದನೆಯ ಇಸವಿಯ ಮಳೆಗಾಲದಲ್ಲಿ ನಡೆದದ್ದು ಇದು. ಮಾದನಹಿಪ್ಪರಗಾದ ಆಚೆ ಒಂದು ಗಾಯರಾಣ ಇತ್ತು, ದನ ಮೇಯಲು ಬಿಟ್ಟ ಸರ್ಕಾರಿ ಹುಲ್ಲುಬಯಲು. ದಸರಾ ಮುಗಿದ ಮೇಲೆ ಅಲ್ಲಿ ಗುಂಡಿ ತೋಡಿ ನೀಲಗಿರಿ ಹಚ್ಚುವುದೆಂದು ಗೊತ್ತಾಗಿತ್ತು. ಆ ಬಯಲಿನಲ್ಲಿ ಒಂದು ಎರಿಭೂತ ಇತ್ತು. ಮನುಷ್ಯನ ಸೊಂಟದೆತ್ತರದ ಹಕ್ಕಿ. ಎರೆಮಣ್ಣಿನ ಹುಲ್ಲಿನಲ್ಲಿ ಎಲ್ಲಿದೆಯೆಂದೇ ಕಾಣದು, ಹತ್ತಿರ ಹೋದರೆ ದಿಗ್ಗನೆ ಎದ್ದು ನಿಲ್ಲುತ್ತದೆ, ಅದಕ್ಕೇ ಆ ಹೆಸರು. ಹಿಂದೆ ಹಿಂಡಾಗಿದ್ದವಂತೆ. ತಿಂದವರು ತಿಂದು, ಉತ್ತವರು ಉತ್ತು, ಈಗ ಉಳಿದದ್ದು ಒಂದು ಹೆಣ್ಣು. ಮಾಸ್ತರರು ಕಲಬುರ್ಗಿಗೆ ಹೋಗಿ ಗಿಡ ಹಚ್ಚಿಸುವ ಸಾಹೇಬರನ್ನು ಕಂಡರು. ಸಾಹೇಬರು ಕೆಟ್ಟವರೇನಲ್ಲ. ‘ಹಕ್ಕಿ ಇವತ್ತು ಇಲ್ಲಿ, ನಾಳೆ ಸೊಲ್ಲಾಪುರದಾಗ. ಮರಿ ಮಾಡಿದ್ದರೆ ಅದರ ಮಾತೇ ಬೇರೆ. ತಾಯಿ ಜೊತೆ ಮರಿ ಇರುವ ಫೋಟೋ ತನ್ನಿ, ಗುಂಡಿ ನಿಲ್ಲಿಸುವ ಜವಾಬ್ದಾರಿ ನನ್ನದು’ ಎಂದರು. ಮಾಸ್ತರರು ಆ ಮಾತನ್ನು ಸೆರಗಿಗೆ ಕಟ್ಟಿಕೊಂಡವರ ಹಾಗೆ ಊರಿಗೆ ಬಂದರು.

ಇದೂ ಮುಂದಿನದೂ ಗನಿಗೆ ಆಮೇಲೆ ತಿಳಿದದ್ದು. ನಾನು ಈಗಲೇ ಹೇಳಿಬಿಡುತ್ತೇನೆ. ಮಾಸ್ತರರು ಗಾಯರಾಣದ ನಡುವೆ ಜೋಳದ ಕಣಿಕೆಯ ಒಂದು ಗೂಡು ಒಟ್ಟಿದರು, ದನದವರು ಬಿಟ್ಟುಹೋದ ಮೇವಿನ ರಾಶಿಯ ಹಾಗೆ. ಶಾಲೆಗೆ ರಜೆ ಬರೆದು, ಬೆಳಕು ಹರಿಯುವ ಮುಂಚೆ ಒಳಗೆ ಸೇರಿ, ಬಿಸಿಲು ಏರುವ ತನಕ ಕುಕ್ಕುರುಗಾಲಲ್ಲಿ ಕೂತರು. ಹತ್ತೊಂಬತ್ತು ದಿನ. ಚೇಳು ಕಚ್ಚಿ ಕಾಲು ಬಾತು ಎರಡು ದಿನ ತಪ್ಪಿತು. ರೋಲಿನ ಹನ್ನೊಂದು ಪಟ ಬರೀ ಹುಲ್ಲು, ಬರೀ ದೂರದ ಕತ್ತು ಎಂದು ಮುಗಿದವು. ಹತ್ತೊಂಬತ್ತನೆಯ ಬೆಳಿಗ್ಗೆ ತಾಯಿ ಇಪ್ಪತ್ತು ಅಡಿ ಹತ್ತಿರಕ್ಕೆ ನಡೆದು ಬಂತು. ಅದರ ಕಾಲ ಬುಡದಲ್ಲಿ ಮುಷ್ಟಿಯಷ್ಟು ಮರಿ, ತಲೆಯನ್ನು ಮಣ್ಣಿಗೆ ಒತ್ತಿ, ಬಿಸಿಲಲ್ಲಿ ಬೆಳ್ಳಗೆ ಕೂತಿತ್ತು. ಮಾಸ್ತರರು ಹನ್ನೆರಡನೆಯದನ್ನು ಒತ್ತಿದರು. ಕ್ಯಾಮೆರಾದ ಸದ್ದಿಗೆ ತಾಯಿ ಮರಿಯನ್ನು ಕರೆದುಕೊಂಡು ಹುಲ್ಲಿನಲ್ಲಿ ಕರಗಿತು.

ಅವತ್ತೇ ಮಧ್ಯಾಹ್ನ ಅವರು ಕುಂಟುತ್ತ ಸ್ಟುಡಿಯೋಕ್ಕೆ ಬಂದಾಗ ಬೆಂಚಿನ ಮೇಲೆ ನಾಲ್ಕು ಜನ ಹರಟೆ ಹೊಡೆಯುತ್ತಿದ್ದರು. ಅವರಲ್ಲೊಬ್ಬ ಸರ್ದಾರ ಎಂಬವನು, ಬಲೆ ಹಾಕಿ ಕವುಜುಗ ಹಕ್ಕಿ ಹಿಡಿದು ಮಾರುವವನು. ಮರಿ ಎಂಬ ಮಾತು ಅವನ ಕಿವಿಗೆ ಬಿದ್ದರೆ ನಾಳೆಯೇ ಗಾಯರಾಣದಲ್ಲಿ ಬಲೆ. ಮಾಸ್ತರರು ಬಾಯಿ ಕಟ್ಟಿಕೊಂಡರು.

‘ಗನಿಸಾಬ್ರ, ಕಡೀದು ಭಾಳ ಜರೂರಿ ಅದ. ಎಷ್ಟು ದೊಡ್ಡದಾಗ್ತದ ಅಷ್ಟು ದೊಡ್ಡದು ಮಾಡ್ರಿ. ಸಾಫ್ ಇರ್ಲಿ.’

‘ನಾ ಎಂದರ ಹೊಲಸು ಕೊಟ್ಟೇನೇನ್ರಿ?’ ಎಂದ ಗನಿ. ಹೊರಗೆ ಹಿಪ್ಪರಗಾ ಬಸ್ಸು ಹಾರ್ನ್ ಹೊಡೆಯಿತು. ಮಾಸ್ತರರು ಓಡಿದರು.

ಮರುದಿನ ಫಿಲ್ಮು ತೊಳೆದು ಒಣಗಿಸಿ ಗಾಜಿನ ಮೇಲೆ ಇಟ್ಟಾಗ ಗನಿಯ ಬಾಯಿಂದ ತಾನಾಗಿ ‘ವಾಹ್’ ಬಂತು. ಕತ್ತು ಎತ್ತಿ ನಿಂತ ಹಕ್ಕಿ, ನವಾಬನ ಠೀವಿ. ಇಂಥದ್ದು ತನ್ನ ಮೇಜಿಗೆ ಇನ್ನೊಮ್ಮೆ ಬರುವುದಿಲ್ಲ ಎಂದು ಅವನಿಗೆ ಅನಿಸಿತು. ಕಾಲ ಬುಡದಲ್ಲಿ ಮಾತ್ರ ಒಂದು ಕರಿಚುಕ್ಕೆ, ಅಂದರೆ ಪ್ರಿಂಟಿನಲ್ಲಿ ಬಿಳಿಕಲೆಯಾಗಿ ಬರುವಂಥದ್ದು. ನೀರಿನ ಹನಿ ಒಣಗಿದ ಗುರುತೋ, ಸುಣ್ಣದ ಕಲ್ಲೋ, ಕಾಗದದ ಚೂರೋ. ಭೂತಗನ್ನಡಿಯಲ್ಲಿ ಎರಡು ಸಲ ನೋಡಿದ. ಅದಕ್ಕೆ ಕಾಲಿರಲಿಲ್ಲ, ಕೊಕ್ಕಿರಲಿಲ್ಲ, ಕಣ್ಣಿರಲಿಲ್ಲ. ಇಂಥ ಹಕ್ಕಿಯ ಪಾದದಲ್ಲಿ ಇಂಥ ಹೊಲಸೇ ಎಂದು ಅವನಿಗೆ ಸಿಟ್ಟೇ ಬಂತು.

ಹೊಸ ಬ್ಲೇಡು ಮುರಿದ. ಉಸಿರು ಹಿಡಿದು, ಬೆಣ್ಣೆಯೊಳಗಿನ ಕೂದಲು ತೆಗೆದ ಹಾಗೆ, ಪದರ ಪದರವಾಗಿ ಕೆರೆದ. ಒಂದು ತಾಸು ಹಿಡಿಯಿತು. ಕೆರೆದ ಜಾಗಕ್ಕೆ ಪೆನ್ಸಿಲಿನಿಂದ ಹುಲ್ಲಿನ ಎಳೆ ಎಳೆದು ಸುತ್ತಲಿನ ನೆರಳಿಗೆ ಕೂಡಿಸಿದ. ಮಂಜುಗಾಜಿನ ಮೇಲೆ ಉಳಿದ ಕರಿ ಪುಡಿಯನ್ನು ಊದಿದ. ಆವತ್ತು ಊಟಕ್ಕೆ ಕೂತಾಗ ಹೆಂಡತಿ ವಜೀರುನ್ನಿಸಾಳಿಗೆ, ‘ಮೂವತ್ತು ವರ್ಷದಾಗ ಇಂಥ ಕೆಲಸ ಮಾಡಿರ್ಲಿಲ್ಲ’ ಎಂದು ಹೇಳಿದ. ಅದು ಮಾತ್ರ ಸುಳ್ಳಲ್ಲ.

ಗುರುವಾರ ಮಾಸ್ತರರು ಬಂದರು. ಪುಣ್ಯಕ್ಕೋ ಪಾಪಕ್ಕೋ ಬೆಂಚು ಖಾಲಿ ಇತ್ತು. ಗನಿ ಹಿಗ್ಗಿನಿಂದ ಪ್ರಿಂಟಿನ ಲಕೋಟೆಗೆ ಕೈ ಹಾಕಿದ್ದ.

‘ಮರಿ ಬಂದದೇನ್ರಿ?’ ಎಂದು ಮಾಸ್ತರರು ಹೊಸ್ತಿಲಲ್ಲೇ ನಿಂತು ಕೇಳಿದರು.

‘ಯಾವ ಮರಿ?’

‘ಕಾಲಾಗ ಕೂತದಲ್ರಿ, ಬೆಳ್ಳಗ. ಅದರ ಸಲುವಾಗಿ ಇಷ್ಟು ದಿನ ಕಣಿಕ್ಯಾಗ ಕೂತೀನಿ. ಮೊನ್ನೆ ಸರ್ದಾರ ಇದ್ದ, ಹೇಳಾಕ ಆಗ್ಲಿಲ್ಲ. ಆ ಮರಿ ಒಂದು ಕಂಡ್ರ ಗಾಯರಾಣ ಉಳೀತದ್ರಿ.’ ಸಾಹೇಬರ ಮಾತು, ನೀಲಗಿರಿ, ದಸರಾ, ಎಲ್ಲವನ್ನೂ ಅವರು ಒಂದೇ ಉಸಿರಿಗೆ ಹೇಳಿದರು.

ಗನಿಯ ಕೈ ಲಕೋಟೆಯ ಮೇಲೆಯೇ ಉಳಿಯಿತು. ಆಗ ಬಾಯಿ ಬಿಟ್ಟು ಹೇಳಿದ್ದರೆ ಇಬ್ಬರೂ ಕೂತು ಅಳಬಹುದಿತ್ತು, ಮಾಸ್ತರರು ಅಂದೇ ತಿರುಗಿ ಹೋಗಿ ಇನ್ನೊಂದು ರೋಲು ಹಾಕಬಹುದಿತ್ತು, ಮರಿ ಇನ್ನೂ ಅದೇ ಹುಲ್ಲಿನಲ್ಲಿ ಇತ್ತು. ಆದರೆ ಮೂವತ್ತು ವರ್ಷ ‘ಗನಿಯ ಕೈ’ ಅನ್ನಿಸಿಕೊಂಡ ಮನುಷ್ಯನ ಬಾಯಿಗೆ ‘ತಪ್ಪಾಯಿತು’ ಎಂಬ ಮಾತು ರೂಢಿಯಿರಲಿಲ್ಲ.

‘ಇನ್ನೂ ಪ್ರಿಂಟ್ ಹಾಕಿಲ್ರಿ,’ ಎಂದ. ‘ಸೋಮವಾರ ಬರ್ರಿ.’ ಆಮೇಲೆ, ಮಾಮೂಲಿ ಮಾತಿನ ಹಾಗೆ, ‘ಮರಿ ಹ್ಯಾಂಗಿತ್ರಿ?’ ಎಂದು ಕೇಳಿದ.

ಮಾಸ್ತರರು ನೆಲದ ಮೇಲೆ ಕುಕ್ಕುರು ಕೂತು, ಕತ್ತು ಚಾಚಿ, ಮರಿ ಕೂತದ್ದನ್ನು ತೋರಿಸಿದರು. ನಲವತ್ತೆಂಟು ವರ್ಷದ ಮನುಷ್ಯ, ಚೇಳು ಕಚ್ಚಿದ ಕಾಲು, ಮುಖದ ತುಂಬ ನಗು. ಗನಿ ಅದನ್ನು ಸಾಯುವ ತನಕ ಮರೆಯಲಿಲ್ಲ.

ಅವರು ಹೋದ ಮೇಲೆ ಅವನು ನೆಗೆಟಿವನ್ನು ಗಾಜಿನ ಮೇಲೆ ಇಟ್ಟು ಪೆನ್ಸಿಲನ್ನು ಒರೆಸಿದ. ಹುಲ್ಲಿನ ಎಳೆಗಳು ಹೋದವು. ಕೆಳಗೆ ಬ್ಲೇಡು ಮಾಡಿದ ಗುಳಿ, ಅಲ್ಲಿಂದ ಕಿಟಕಿಯ ಬೆಳಕು ಸೀದಾ ಕಣ್ಣಿಗೆ ಬಂತು. ವಜೀರುನ್ನಿಸಾ ಚಹಾ ತಂದವಳು ಗಂಡನ ಮುಖ ನೋಡಿ ಅಲ್ಲೇ ಕೂತಳು. ಅವರು ಮನೆಯಲ್ಲಿ ಆಡುವುದು ದಖ್ಖನಿ ಉರ್ದು. ಅವಳು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಇಷ್ಟು:

‘ಹೋಗಿ ಹೇಳ್ರಿ. ಬೈತಾರ, ಬೈಸ್ಕೋರಿ.’

‘ನಾ ಮಾಡಿ ಕೊಡ್ತೇನಿ.’

‘ಏನ್ ಮಾಡ್ತೀರಿ?’

‘ಮರಿ. ಸತ್ತವರ ಕಣ್ಣು ತೆರಸೀನಿ. ಇದು ಒಂದು ಮರಿ.’

‘ಸತ್ತವರನ್ನ ಅವರ ಮನಿಯವರು ನೋಡಿದ್ರು. ನೀವು ಹ್ಯಾಂಗ ಬರದ್ರೂ ತಮ್ಮವರು ಅಂತ ಗುರುತು ಹಿಡೀತಿದ್ರು,’ ಎಂದಳು. ‘ಈ ಮರಿ ನೀವು ನೋಡಿಲ್ಲ, ಆ ಸಾಹೇಬ ನೋಡಿಲ್ಲ. ಸುಳ್ಳು ಯಾರ ಮುಂದ ನಿಲ್ತದ?’

ಉತ್ತರ ಇಲ್ಲದಾಗ ಗಂಡಸರು ಕೆಲಸ ಹಚ್ಚಿಕೊಳ್ಳುತ್ತಾರೆ. ಗನಿ ಹಕ್ಕಿಯ ಭಾಗವನ್ನಷ್ಟೇ ದೊಡ್ಡದಾಗಿ, ಮುಂಗೈ ಉದ್ದದ ಕಾಗದದ ಮೇಲೆ ಪ್ರಿಂಟ್ ಹಾಕಿದ. ಕುಂಚ, ಮಸಿ, ಪೆನ್ಸಿಲು ಹಿಡಿದು ಮೂರು ಹಗಲು ಕೂತ. ಪಕ್ಕದ ಮನೆಯಿಂದ ಒಂದು ಕೋಳಿಮರಿ ತಂದು, ಅಂಗೈಯಲ್ಲಿ ಒತ್ತಿ ಹಿಡಿದು ಅದರ ಪುಕ್ಕ ನೋಡಿದ. ಮಾಸ್ತರರು ಕೂತು ತೋರಿಸಿದ ಹಾಗೆಯೇ ಕತ್ತು ಚಾಚಿಸಿದ. ಆದರೂ ಅದು ಮಣ್ಣಿನ ಹೆಂಟೆಯಂತೆಯೇ ಕಂಡಿತು. ಜೀವ ಬರಲಿಲ್ಲ. ಮೂರನೆಯ ದಿನ ಸಂಜೆಯ ಹೊತ್ತಿಗೆ ಅವನ ಕೈ, ಯಾರೂ ಹೇಳದೆ, ಮೂವತ್ತು ವರ್ಷದ ರೂಢಿಯಿಂದ, ಒಂದು ಕಣ್ಣು ಬರೆಯಿತು. ಕಣ್ಣೊಳಗೆ ಎರಡು ಬಿಳಿ ಚುಕ್ಕೆ ಇಟ್ಟಿತು. ಹೆಂಟೆ ಮರಿಯಾಯಿತು, ಗನಿಯ ಕಡೆಗೆ ನೋಡಿತು. ಅವನು ಆ ಪ್ರಿಂಟನ್ನೇ ಗೋಡೆಗೆ ಹಚ್ಚಿ ಮತ್ತೆ ಫೋಟೋ ತೆಗೆದು, ಆ ಹೊಸ ನೆಗೆಟಿವಿನಿಂದ ಇನ್ನೊಂದು ಪ್ರಿಂಟ್ ಹಾಕಿದ. ಈಗ ಕುಂಚದ ಗುರುತೂ ಇರಲಿಲ್ಲ.

ಸೋಮವಾರ ಮಾಸ್ತರರು ಪ್ರಿಂಟನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ಹೋದರು. ಗನಿ ಬ್ಲೇಡಿನ ಚೂರುಗಳನ್ನು ಒಂದು ಡಬ್ಬಿಯಿಂದ ಇನ್ನೊಂದು ಡಬ್ಬಿಗೆ ಹಾಕುತ್ತಿದ್ದ.

‘ತಲಿ ಮಣ್ಣಿಗೆ ಹಚ್ಚಿತ್ರಿ ಅದು,’ ಎಂದರು ಮಾಸ್ತರರು ಕಡೆಗೆ. ‘ಕಣ್ಣು ಕಂಡೀತಂತ ನಾ ತಿಳಿದಿರ್ಲಿಲ್ಲ. ನಿಮ್ಮ ಕೈಗೆ ಬಂದ್ರ ಕಣ್ಣೂ ಬರ್ತಾವ ನೋಡ್ರಿ.’

ಅವರ ಕಣ್ಣಲ್ಲಿ ನೀರಿತ್ತು. ಹೇಳುವುದಕ್ಕೆ ಅದು ಎರಡನೆಯ ಅವಕಾಶ. ಗನಿ ಅದನ್ನೂ ಕಳೆದುಕೊಂಡ. ‘ಖುದಾ ಹಾಫಿಜ್, ಮಾಸ್ತರ್ರ’ ಎಂದು ಮಾತ್ರ ಅಂದ.

ಎರಡು ದಿನ ಬಿಟ್ಟು ಮಾಸ್ತರರು ಕಲಬುರ್ಗಿಯಿಂದ ಸೀದಾ ಸ್ಟುಡಿಯೋಕ್ಕೆ ಬಂದರು. ಅಂಗಿ ಬೆವರಿಗೆ ಅಂಟಿತ್ತು. ಆದರೆ ಮುಖದಲ್ಲಿ ಇನ್ನೂ ಧೈರ್ಯ ಇತ್ತು, ನೋಡಲಾಗದ್ದು ಅದೇ.

‘ಸಾಹೇಬ್ರು ಭೂತಗನ್ನಡಿ ಹಚ್ಚಿ ನೋಡಿದ್ರು. ನೋಡಿ ನಕ್ಕ್ರು. ನಿಮ್ಮ ಹಿಪ್ಪರಗ್ಯಾಗ ಎಷ್ಟು ಸೂರ್ಯ ಅದಾವ ಅಂತ ಕೇಳಿದ್ರು. ಒಂದ ಅದ ಸಾಹೇಬ್ರ ಅಂದೆ. ಹಂಗಾರ ಮರಿ ಕಣ್ಣಾಗ ಎರಡು ಯಾಕ ಹೊಳ್ಯಾಕತ್ತಾವ ಅಂದ್ರು. ಇದು ಸ್ಟುಡಿಯೋದ ಕಣ್ಣು, ತಾಯಿನೂ ಎಲ್ಲಿಂದರ ಕತ್ತರಿಸಿ ಹಚ್ಚಿದ್ದು ಅಂದ್ರು. ಮಂದಿ ಎದುರಿಗೆ ಅಂದ್ರು.’ ಅವರು ಮುಖದ ಬೆವರು ಒರೆಸಿಕೊಂಡರು. ‘ಇರ್ಲಿ. ನೆಗೆಟಿವ್ ಕೊಡ್ರಿ ಗನಿಸಾಬ್ರ. ನೆಗೆಟಿವ್ ಮುಂದ ಇಟ್ರ ಅವರ ಬಾಯಿ ಮುಚ್ತದ. ಸುಳ್ಳು ಹೇಳಾಕ ನನಗ ಏನ್ ಬಂದಿತ್ತು?’

ಎರಡು ಚುಕ್ಕೆ. ಬಯಲಲ್ಲಿ ದೀಪ ಇರುವುದಿಲ್ಲ ಎಂಬುದು ಗನಿಗೆ ಹೊಳೆದೇ ಇರಲಿಲ್ಲ. ಅವನು ಡ್ರಾಯರಿನಿಂದ ಹನ್ನೆರಡನೆಯ ನೆಗೆಟಿವ್ ತೆಗೆದು, ಮಂಜುಗಾಜಿನ ಮೇಲೆ ಇಟ್ಟು, ಭೂತಗನ್ನಡಿಯನ್ನು ಮಾಸ್ತರರ ಕೈಗೆ ಕೊಟ್ಟು, ಗೋಡೆಗೆ ಆತು ನಿಂತ.

ಎಲ್ಲಿ ನೋಡಬೇಕೆಂದು ಮಾಸ್ತರರಿಗೆ ಗೊತ್ತಿತ್ತು. ಅವರು ಬಗ್ಗಿದವರು ಏಳಲೇ ಇಲ್ಲ.

‘ಕಲೆ ಅಂತ ತಿಳ್ಕೊಂಡೆ, ಮಾಸ್ತರ್ರ,’ ಎಂದ ಗನಿ. ‘ನೀವು ಸಾಫ್ ಮಾಡು ಅಂದಿದ್ರಿ.’ ಅಂದ ಕೂಡಲೇ ಆ ಮಾತಿಗೆ ಅವನಿಗೇ ನಾಚಿಕೆಯಾಯಿತು. ‘ಹನ್ನೊಂದು ವರ್ಷದಿಂದ ನಾ ನಿಮ್ಮ ಕೆಲಸ ಮಾಡೀನಿ. ಮರಿ ಅದ ಅಂತ ನನ್ನ ಕಿವ್ಯಾಗ ಒಂದು ಮಾತು ಹೇಳಿದ್ರ ಏನಾಗ್ತಿತ್ರಿ?’

‘ಹೇಳ್ಬೇಕಿತ್ತು,’ ಎಂದರು ಮಾಸ್ತರರು, ಇನ್ನೂ ಗಾಜಿನ ಮೇಲೆ ಬಗ್ಗಿಯೇ. ‘ಅದು ನನ್ನ ತಪ್ಪು. ಗುರುವಾರ ಬಂದು ಹೇಳ್ದೆ ಅಲ್ರಿ. ಆವತ್ತು ನೀವು ಹೇಳಬಹುದಿತ್ತು.’

ಗನಿ ಮೇಜಿನ ಮೇಲಿದ್ದ ಬ್ಲೇಡಿನ ಡಬ್ಬಿಯನ್ನು ಮುಚ್ಚಿದ.

ಮಾಸ್ತರರು ಎದ್ದು ನಿಂತರು. ಬೈದಿದ್ದರೆ ಗನಿಗೆ ಎಷ್ಟೋ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ‘ಬರೀ ಹಕ್ಕಿ ಫೋಟೋ ತಂದಿದ್ರೂ ನೋಡಾಕ ಒಬ್ಬರನ್ನ ಕಳಸ್ತಿದ್ದೆ ಅಂದ್ರು ಸಾಹೇಬ್ರು. ಈಗ ಆ ಕಡಿ ಯಾರೂ ತಿರುಗಿ ನೋಡೂದಿಲ್ಲ. ನಾ ಏನ್ ತಂದ್ರೂ ಸುಳ್ಳ ಆಗ್ತದ.’ ಕ್ಯಾಮೆರಾದ ಪಟ್ಟಿಯನ್ನು ಕೊರಳಿಗೆ ಸರಿ ಮಾಡಿಕೊಂಡರು. ‘ಮರಿ ತಗದದ್ದು ಹೋಗ್ಲಿ ಗನಿಸಾಬ್ರ. ತಾಯಿನೂ ಸುಳ್ಳು ಮಾಡಿಬಿಟ್ರಿ.’

ಮರುದಿನ ಗನಿ ಕಲಬುರ್ಗಿಯ ಬಸ್ಸು ಹತ್ತಿದ. ಎರಡೂ ನೆಗೆಟಿವ್ ಸಾಹೇಬರ ಮುಂದಿಟ್ಟು, ತಪ್ಪು ನನ್ನದು, ಮಾಸ್ತರರದಲ್ಲ ಎಂದು ಕೈಮುಗಿದ. ಸಾಹೇಬರು ಕೆರೆದ ಗುಳಿಯನ್ನು ಬೆಳಕಿಗೆ ಹಿಡಿದು ನೋಡಿದರು. ‘ಇಲ್ಲಿ ಏನಿತ್ತು ಅಂತ ನೀವು ಹೇಳ್ತೀರಿ, ಅಷ್ಟೇ. ನನಗೆ ಕಾಣೋದು ಒಂದು ತೂತು. ತೂತಿನ ಮೇಲೆ ನಾನು ಏನು ಬರೆಯಲಿ?’ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಗನಿಯ ಒಲೆ ಉರಿದದ್ದು ಹಾಗೆ.

ಮಾಸ್ತರರು ಹೊಸ ರೋಲು ಹಾಕಿಕೊಂಡು ಮತ್ತೆ ಕಣಿಕೆಯ ಗೂಡಿನಲ್ಲಿ ಕೂತರೆಂದು ಗನಿ ಬಸ್ಸಿನವರಿಂದ ಕೇಳಿದ. ಅಷ್ಟರಲ್ಲಿ ಅಳತೆಯವರು ಸುಣ್ಣ ಬಳಿದ ಕಲ್ಲು ನೆಡುತ್ತ, ಕೂಗಾಡುತ್ತ ಗಾಯರಾಣದ ತುಂಬ ಓಡಾಡಿದ್ದರು. ತಾಯಿ ಹಾರಬಲ್ಲುದು, ಹಾರಿತು. ಮರಿಗೆ ರೆಕ್ಕೆ ಬಲಿತಿರಲಿಲ್ಲ. ಅದರ ಗತಿ ಏನಾಯಿತೆಂದು ಯಾರೂ ನೋಡಲಿಲ್ಲ. ದಸರಾ ಆದ ವಾರಕ್ಕೆ ಗುಂಡಿ ತೋಡುವ ಮಂದಿ ಬಂದರು, ಮುಂದಿನ ಮಳೆಗೆ ನೀಲಗಿರಿ ಬಂತು. ಸ್ಟುಡಿಯೋದಲ್ಲಿ ಗನಿ ಸಿಡುಬಿನ ಗುಳಿ ಮುಚ್ಚುವುದನ್ನು ಬಿಡಲಿಲ್ಲ, ಹೊಟ್ಟೆ ಕೇಳಬೇಕಲ್ಲ. ಸತ್ತವರ ಕಣ್ಣು ತೆರೆಸುವುದನ್ನು ಬಿಟ್ಟ. ಅತ್ತು ಕೇಳಿದವರಿಗೂ ‘ಕೈ ನಡುಗ್ತದ್ರಿ’ ಎಂದು ಹೇಳಿ ಕಳಿಸಿದ. ಅವನ ಕೈ ನಡುಗುತ್ತಿರಲಿಲ್ಲ. ಅದು ವಜೀರುನ್ನಿಸಾಳಿಗೆ ಗೊತ್ತಿತ್ತು, ಅವಳು ಆ ಮಾತು ಎತ್ತಲಿಲ್ಲ.

ಮುಂದಿನ ವರ್ಷದ ಶ್ರಾವಣದಲ್ಲಿ ಮಾಸ್ತರರು ಸ್ಟುಡಿಯೋದ ಮೆಟ್ಟಿಲು ಹತ್ತಿದರು. ಹತ್ತು ತಿಂಗಳಾಗಿತ್ತು. ಜೇವರ್ಗಿ ಕಡೆಗೆ ಕೊಳಕೂರಿಗೆ ವರ್ಗವಾಗಿದೆ ಎಂದರು, ಸಾಮಾನು ಲಾರಿಗೆ ಹಾಕಿ ಕಳಿಸಿದ್ದೇನೆ, ನಾಳೆ ಹೊರಡುವುದು ಎಂದರು. ಕೊರಳಲ್ಲಿ ಕ್ಯಾಮೆರಾ ಇರಲಿಲ್ಲ. ಕಿಸೆಯಿಂದ ಒಂದು ರೋಲು ತೆಗೆದು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟರು.

‘ಗಾಯರಾಣದ್ದು. ಹೋಗೂಕಿಂತ ಮುಂಚೆ ಒಂದು ದಿನ ಹೋಗಿದ್ದೆ. ಪ್ರಿಂಟ್ ಹಾಕಿ ಕೊಡ್ರಿ.’

ಬೇರೆ ಸ್ಟುಡಿಯೋ ಇರಲಿಲ್ಲವೆಂದಲ್ಲ. ಆದರೂ ಯಾಕೆ ಇಲ್ಲಿಗೇ ಬಂದರೆಂದು ಗನಿ ಕೇಳಲಿಲ್ಲ. ‘ನಾಳೆ ಬರ್ರಿ’ ಎಂದ. ‘ಸಾಫ್ ಇರ್ಲಿ’ ಎಂಬ ಮಾತು ಬರಬಹುದೆಂದು ಒಂದು ಗಳಿಗೆ ಕಾದ. ಅದು ಬರಲಿಲ್ಲ.

ಹನ್ನೆರಡೂ ಪಟಗಳಲ್ಲಿ ಸಾಲು ಹಿಡಿದ ನೀಲಗಿರಿ ಸಸಿಗಳು, ಮೊಣಕಾಲೆತ್ತರ. ನಡುವೆ ಗುಂಡಿಯ ಮಣ್ಣು. ಗನಿ ಆ ಬಯಲನ್ನು ಹನ್ನೊಂದು ವರ್ಷ ತಿದ್ದಿದ್ದ, ಆದರೂ ಅದರ ಗುರುತು ಹತ್ತಲಿಲ್ಲ. ಒಂಬತ್ತನೆಯ ನೆಗೆಟಿವಿಗೆ ಬಂದಾಗ ಅವನು ಗಾಜಿಗೆ ಇನ್ನಷ್ಟು ಬಗ್ಗಿದ. ಒಂದು ಸಸಿಯ ಬುಡದಲ್ಲಿ, ಮಣ್ಣಿನ ಮೇಲೆ, ಕಾಳಿನಷ್ಟು ಕರಿಚುಕ್ಕೆ. ಭೂತಗನ್ನಡಿ ಹಚ್ಚಿದ. ಕಾಲಿಲ್ಲ, ಕೊಕ್ಕಿಲ್ಲ, ಕಣ್ಣಿಲ್ಲ. ಒಂದು ಇಡೀ ಮಧ್ಯಾಹ್ನ ನೋಡಿದ. ಕಡೆಗೆ ನೆಗೆಟಿವನ್ನು ಓರೆ ಮಾಡಿ ಬೆಳಕಿಗೆ ಹಿಡಿದಾಗ, ಚುಕ್ಕೆ ಫಿಲ್ಮಿನ ಒಳಗಲ್ಲ, ಬೆನ್ನ ಮೇಲೆ ಇರುವುದು ಕಂಡಿತು. ನೀರಿನ ಹನಿ ಒಣಗಿದ ಗುರುತು. ಉಗುರಿನಿಂದ ಮುಟ್ಟಿದರೆ ಹೋಗುವಂಥದ್ದು. ಗನಿ ಮುಟ್ಟಲಿಲ್ಲ. ಇದ್ದ ಹಾಗೆಯೇ ಪ್ರಿಂಟ್ ಹಾಕಿದ.

ಮರುದಿನ ಮಾಸ್ತರರು ಪ್ರಿಂಟುಗಳನ್ನು ಒಂದೊಂದಾಗಿ ತಿರುವಿದರು. ಒಂಬತ್ತನೆಯದರಲ್ಲಿ ಅವರ ಕೈ ನಿಂತಿತು. ಬೆರಳು ಆ ಬಿಳಿಯ ಹತ್ತಿರ ಹೋಗಿ, ಮುಟ್ಟದೆ, ಅಲ್ಲೇ ಉಳಿಯಿತು. ಹೊಸ್ತಿಲಲ್ಲಿ ನಿಂತು ‘ಮರಿ ಬಂದದೇನ್ರಿ’ ಎಂದು ಕೇಳಿದ ಮುಖ ಒಂದು ಗಳಿಗೆ ತಿರುಗಿ ಬಂತು.

‘ಇದೇನ್ರಿ, ಗನಿಸಾಬ್ರ?’

ಹೌದು ಎಂದುಬಿಡಬಹುದಿತ್ತು. ಆ ಮನುಷ್ಯ ಅದನ್ನೇ ಎದೆಗೆ ಒತ್ತಿಕೊಂಡು ಕೊಳಕೂರಿಗೆ ಹೋಗುತ್ತಿದ್ದ. ಗನಿಯ ನಾಲಿಗೆಯ ತುದಿಗೆ ಅದು ಬಂದಿತ್ತು.

‘ನೀರಿನ ಕಲೆ, ಮಾಸ್ತರ್ರ,’ ಎಂದ.

‘ತಗೀಲಿಲ್ಲ?’

‘ತಗೀಲಿಲ್ರಿ.’

ಮಾಸ್ತರರು ತಲೆಯಾಡಿಸಿದರು. ಉಳಿದ ಹನ್ನೊಂದು ಪ್ರಿಂಟುಗಳನ್ನು ಗಲ್ಲಾಪೆಟ್ಟಿಗೆಯ ಮೇಲೆಯೇ ಬಿಟ್ಟು, ಅದೊಂದನ್ನು ಕಿಸೆಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದರು.